ಕಪ್ಪು ಪಟ್ಟಿ ಇಲ್ಲದ ಆನೆ ಫೋಟೋ

ಆನೆಯ ಫೋಟೋ ನನ್ನ ಫೋನಿಗೆ ಬಂದಾಗ ಅದು ಆಗಲೇ ಕತ್ತರಿಸಿಕೊಂಡು ಬಂದಿತ್ತು. ನೋಡಿದ ತಕ್ಷಣ ಗೊತ್ತಾಯಿತು. ಪರದೆಯ ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೆ ಆನೆಯೇ ತುಂಬಿತ್ತು. ಕೆರೆ ಏರಿಯ ಮೇಲೆ ನಿಂತ ಸಲಗ, ಎರಡೂ ಕೊಂಬು ಕಾಣುವಂತೆ, ಸರಿಯಾಗಿ ನಡುವಿನಲ್ಲಿ. ಎಡಗಡೆ ಕರೆಂಟ್ ಕಂಬ ಉದ್ದಕ್ಕೂ ಸೀಳಿಹೋಗಿತ್ತು. ಬಲಗಡೆ ಮಾವಿನ ಒಂದು ಕೊಂಬೆ ಬುಡವಿಲ್ಲದೆ ಗಾಳಿಯಲ್ಲಿ ಚಾಚಿಕೊಂಡಿತ್ತು. ಕಂಬವನ್ನು ಹಾಗೆ ಸೀಳಿ ಯಾರೂ ಫೋಟೋ ತೆಗೆಯುವುದಿಲ್ಲ. ದೊಡ್ಡದೊಂದು ಚಿತ್ರದಿಂದ ಕುಯ್ದುಕೊಂಡ ತುಂಡು ಅದು.

ಬಲಗಡೆ ಏನಿತ್ತು ಎಂದು ತಿಳಿಯುವುದು ನನಗೆ ಆ ಕ್ಷಣದಲ್ಲೇ ಬೇಕಾಗಿತ್ತು. ಆ ಕೊಂಬೆ ಕೆರೆಯ ಪಕ್ಕದ ಮಾವಿನ ತೋಪಿನದು, ತೋಪಿನ ಪಕ್ಕದಲ್ಲೇ ನನ್ನ ತಂಗಿಯ ಹಿಪ್ಪುನೇರಳೆ ತೋಟವಿದೆ.

ನಾನು ಚನ್ನಪಟ್ಟಣದಲ್ಲಿ ಬಹಳ ವರ್ಷ ಸ್ಟುಡಿಯೋ ನಡೆಸಿದವನು. ಅದಕ್ಕೂ ಮೊದಲು ರಾಮನಗರದ ಒಬ್ಬ ಹಿರಿಯ ಫೋಟೋಗ್ರಾಫರ ಬಳಿ ಕೆಲಸ ಕಲಿತೆ. ಅವರ ಕತ್ತಲೆ ಕೋಣೆಯಲ್ಲಿ ಮಾತಿಲ್ಲ, ಹಾಡಿಲ್ಲ, ಬೆಂಕಿಪೊಟ್ಟಣವಿಲ್ಲ. ಚಿತ್ರ ತೊಳೆಯುವ ರಾಸಾಯನಿಕದ ಮೊದಲ ತಟ್ಟೆಯ ಇಕ್ಕಳ ಎರಡನೆಯ ತಟ್ಟೆಗೆ ತಾಕಿದರೆ ಆ ದಿನ ನನಗೆ ಬರೀ ತೊಳೆಯುವ ಕೆಲಸ. ಚಿತ್ರ ಕತ್ತರಿಸಲು ಅವರ ಬಳಿ ಕಪ್ಪು ರಟ್ಟಿನ ಎರಡು ಪಟ್ಟಿಗಳಿದ್ದವು. ಎರಡೂ ಬಾಗಿಲ ಮೂಲೆಯಂತೆ ಮಡಿಚಿದ ಆಕಾರದವು. ಅವನ್ನು ಚಿತ್ರದ ಮೇಲೆ ಎದುರುಬದುರಾಗಿ ಇಟ್ಟು ಹಿಂದೆ ಮುಂದೆ ಸರಿಸಿದರೆ ಬೇಕಾದ ಅಳತೆಯ ಕಿಟಕಿ ಸಿಗುತ್ತದೆ. ಕಿಟಕಿ ಸಿಕ್ಕಿದ ಮೇಲೂ ಕತ್ತರಿ ಕೈಗೆ ಕೊಡುತ್ತಿರಲಿಲ್ಲ. ರಟ್ಟಿನ ಕೆಳಗೆ ಮುಚ್ಚಿಹೋದದ್ದು ಏನೇನು ಎಂದು ನಾನು ಬಾಯಿಬಿಟ್ಟು ಹೇಳಬೇಕಿತ್ತು. ಅಜ್ಜಿಯ ಊರುಗೋಲು, ಕುರ್ಚಿಯ ಕಾಲು, ಹಿಂದೆ ನಿಂತವರ ಮೊಣಕೈ. ಒಂದು ತಪ್ಪಿದರೂ ಪಟ್ಟಿ ಎತ್ತಿ ಮತ್ತೆ ಮೊದಲಿಂದ. ಆಗ ಬೇಸರವಾಗುತ್ತಿತ್ತು. ಆಮೇಲೆ ಅದೇ ಅಭ್ಯಾಸವಾಗಿ ಉಳಿಯಿತು.

ಈಗ ಸ್ಟುಡಿಯೋ ಇಲ್ಲ. ಅಕ್ಕೂರಿನಿಂದ ಒಳಗಿರುವ ನಮ್ಮೂರಿಗೆ ಬಂದು, ಮನೆಯ ಜಗಲಿಯಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಸ್ನಾನ, ತಿಂಡಿ, ಆಮೇಲೆ ಕೆಲಸ. ಮಧ್ಯಾಹ್ನ ಊಟವಾದ ಮೇಲೆ ಮತ್ತೆ ಕೆಲಸ. ದೀಪ ಹಚ್ಚುವ ಹೊತ್ತಿಗೆ ಬಂದ್. ಫೋಟೋ ತೆಗೆಸಿಕೊಳ್ಳಲು ಯಾರೂ ಬರುವುದಿಲ್ಲ, ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಬರುವುದೆಲ್ಲ ಅಳತೆಗೆ ಕತ್ತರಿಸಿಕೊಳ್ಳಲು. ಪಾಸ್‌ಪೋರ್ಟಿಗೆ ಒಂದು ಅಳತೆ, ಪರೀಕ್ಷೆಯ ಅರ್ಜಿಗೆ ಇನ್ನೊಂದು, ಪಿಂಚಣಿಗೆ ಮತ್ತೊಂದು. ಕುರಿಯ ವಿಮೆಗೆ ಕುರಿಯ ಕಿವಿಯ ಓಲೆಯೂ ಮಾಲೀಕನ ಮುಖವೂ ಒಂದೇ ಚೌಕಟ್ಟಿನಲ್ಲಿ ಬರಬೇಕು; ಕುರಿ ಒಪ್ಪುವುದಿಲ್ಲ. ಫ್ಲೆಕ್ಸಿಗೆ ಅಡ್ಡಡ್ಡ ಅಗಲ ಬೇಕು. ವಾಟ್ಸಾಪಿನ ಮುಖಚಿತ್ರಕ್ಕೆ ಚೌಕ ಬೇಕು, ಅದನ್ನೂ ಅದು ದುಂಡಗೆ ಮಾಡಿ ನೆತ್ತಿ ಹಾರಿಸುತ್ತದೆ. ಸ್ಟೇಟಸ್ಸಿಗೆ ಮಾತ್ರ ನಿಂತ ಬಾಗಿಲಿನ ಹಾಗೆ ಉದ್ದನೆಯ ಚಿತ್ರ.

ಈ ಸ್ಟೇಟಸ್ಸಿನ ವಿಷಯದಲ್ಲಿ ನಮ್ಮೂರಿಗೆ ಒಂದು ಶಾಸ್ತ್ರ ಹುಟ್ಟಿಕೊಂಡಿದೆ. ಅಗಲವಾದ ಚಿತ್ರವನ್ನು ಹಾಗೇ ಇಟ್ಟರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ನಮ್ಮ ಕಡೆ ಸತ್ತವರ ಫೋಟೋಗೆ ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕಿ ಇಡುವುದು ರೂಢಿ. ಎರಡೂ ಒಂದೇ ಥರ ಕಾಣುತ್ತವೆ. ಒಮ್ಮೆ ನಮ್ಮ ಬೀದಿಯ ಹೆಂಗಸೊಬ್ಬರು ಮೊಮ್ಮಗನ ನಾಮಕರಣದ ಗುಂಪು ಫೋಟೋ ಹಾಗೇ ಇಟ್ಟರು. ಕುದೂರಿನಲ್ಲಿದ್ದ ಅವರ ಅಕ್ಕ, ಪಟ್ಟಿ ನೋಡಿದವಳು, ಓದುವ ಗೋಜಿಗೆ ಹೋಗದೆ, ಅತ್ತುಕೊಂಡು ಬಸ್ಸು ಹತ್ತಿ ಬಂದುಬಿಟ್ಟಳು. ಬಂದು ನೋಡಿದರೆ ಎಲ್ಲರೂ ಒಬ್ಬಟ್ಟು ತಿನ್ನುತ್ತಿದ್ದಾರೆ. ಅವತ್ತಿನಿಂದ ಕಪ್ಪು ಪಟ್ಟಿ ಅಪಶಕುನವಾಯಿತು. ಈಗ ಯಾವ ಚಿತ್ರವಾದರೂ ಎರಡು ಬೆರಳಿಟ್ಟು ಹಿಗ್ಗಿಸಿ, ಕಪ್ಪು ಕಾಣದ ಹಾಗೆ ಪರದೆ ತುಂಬಿಸಿಯೇ ಇಡುತ್ತಾರೆ. ಎರಡೂ ಪಕ್ಕದಲ್ಲಿದ್ದದ್ದು ಹೊರಗೆ ಹೋಗುತ್ತದೆ. ಮದುವೆ ಫೋಟೋದಲ್ಲಿ ಬೀಗರು ಹೋಗುತ್ತಾರೆ, ಅದಕ್ಕೆ ಜಗಳವೂ ಆಗಿದೆ. ಯಾರೂ ರೂಢಿ ಬಿಟ್ಟಿಲ್ಲ.

ಆ ಬೆಳಿಗ್ಗೆ ಆನೆಯ ಫೋಟೋವನ್ನೂ ಹಾಗೇ ತುಂಬಿಸಿದ್ದರು.

ಮಾವು, ಹಲಸು ಹಣ್ಣಾಗುವ ಕಾಲದಲ್ಲಿ ಕನಕಪುರದ ಕಡೆಯ ಕಾಡಿನಿಂದ ಆನೆಗಳು ನಮ್ಮ ಕಡೆ ಇಳಿಯುತ್ತವೆ. ಇದು ಹೊಸದಲ್ಲ. ಊರಿಗೊಬ್ಬ ಕಾವಲಿನವನಿದ್ದಾನೆ. ಪಂಪ್‌ಹೌಸಿನ ತಾರಸಿ ಮೇಲೆ ಮಲಗಿ, ಆನೆ ಕಂಡರೆ ಫೋಟೋ ತೆಗೆದು ಡೇರಿಯ ಕಾರ್ಯದರ್ಶಿಗೆ ಕಳಿಸುತ್ತಾನೆ. ಕಾರ್ಯದರ್ಶಿ ಅದನ್ನು ಸ್ಟೇಟಸ್ಸಿಗೆ ಇಡುತ್ತಾನೆ. ಊರಿನ ಗುಂಪಿಗೂ ಆ ಸ್ಟೇಟಸ್ಸನ್ನೇ ತೆಗೆದು ಹಾಕುತ್ತಾನೆ. ಹಾಲು ಹಾಕುವವರೆಲ್ಲ ಅವನ ಸ್ಟೇಟಸ್ ನೋಡುವುದರಿಂದ ಊರಿಗೆಲ್ಲ ಸುದ್ದಿ ಮುಟ್ಟುತ್ತದೆ. ಹೊಲಕ್ಕೆ ಹೋಗುವ ಮುಂಚೆ ಅದನ್ನು ನೋಡುವುದು ಎಲ್ಲರಿಗೂ ಅಭ್ಯಾಸವಾಗಿದೆ.

ಅಂದು ಬೆಳಕು ಹರಿಯುವಾಗ ಸ್ಟೇಟಸ್ ಬಂತು. ಯಾರೂ ಹೊಲಕ್ಕೆ ಇಳಿಯಲಿಲ್ಲ. ಬಿಸಿಲೇರುವ ಹೊತ್ತಿಗೆ ಅರಣ್ಯ ಇಲಾಖೆಯ ಆನೆ ಓಡಿಸುವವರ ಜೀಪು ಬಂತು. ಕಾರ್ಯದರ್ಶಿ ಅವರಿಗೂ ಅದೇ ಫೋಟೋ ತೋರಿಸಿದ. ಪಟಾಕಿಯ ಸದ್ದು ಕೆರೆಯ ಕಡೆಯಿಂದ ಶುರುವಾಗಿ ಗುಡ್ಡದ ಕಡೆಗೆ ದೂರವಾಗುತ್ತಾ ಹೋಯಿತು. ಸ್ವಲ್ಪ ಹೊತ್ತಿಗೆ ಗುಂಪಿನಲ್ಲಿ ಇನ್ನೊಂದು ಫೋಟೋ. ಗುಡ್ಡದ ನೆತ್ತಿಯಲ್ಲಿ ಬೆನ್ನು ತಿರುಗಿಸಿ ಹೋಗುತ್ತಿರುವ ಸಲಗ. ಕೆಳಗೆ ಬರಹ: ಆನೆ ದಾಟಿದೆ, ಹೊಲಕ್ಕೆ ಹೋಗಬಹುದು.

ನಾನು ಕಾರ್ಯದರ್ಶಿಗೆ ಫೋನು ಮಾಡಿ ಬೆಳಗಿನ ಪೂರ್ತಿ ಫೋಟೋ ಕಳಿಸು ಎಂದೆ.

"ಸ್ಟೇಟಸ್‌ನಾಗೆ ಐತಲ್ಲಣ್ಣ, ಅದೇ ಕಣಣ್ಣ ಪೂರ್ತಿ."

"ಅದು ನೀನು ಹಿಗ್ಗಿಸಿರೋದು. ಅವನು ಕಳಿಸಿದ್ದು ಕಳಿಸು."

"ಅದುನ್ನ ಅಳಿಸ್ಬುಟ್ಟೆ. ಫೋನು ತುಂಬ್ಕೊಂಡೈತೆ, ಒಂದು ಬಂದ್ರೆ ಒಂದು ತೆಗೀಬೇಕು."

"ಬಲಗಡೆ ಏನಿತ್ತು?"

"ಏನೂ ಇರ್ಲಿಲ್ಲ. ಬರೀ ಕತ್ಲೆ."

ಕಾವಲಿನವನಿಗೆ ಮಾಡಿದೆ. ರಾತ್ರಿಯೆಲ್ಲ ಎಚ್ಚರವಿದ್ದವನು ಫೋನು ಆರಿಸಿ ಮಲಗಿದ್ದ. ಎದ್ದ ಮೇಲೆ ಮೂಲ ಫೋಟೋವನ್ನು ಫೈಲಾಗಿ ಕಳಿಸು ಎಂದು ಅವನಿಗೆ ಬರೆದಿಟ್ಟೆ. ಅಷ್ಟು ಮಾಡಿ ಊಟಕ್ಕೆ ಎದ್ದೆ.

ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿರುವಾಗ ತಂಗಿ ಜಗಲಿಯ ಮುಂದೆ ಬಂದಳು. ಅವಳನ್ನು ಊರೊಳಗೇ ಕೊಟ್ಟಿದ್ದು. ಎರಡು ಬೀದಿ ಆಚೆ ಮನೆ. ಗಂಡನಿಗೆ ಮೊಣಕಾಲು ಕೆಟ್ಟ ಮೇಲೆ ರೇಷ್ಮೆ ಹುಳದ ಕೆಲಸವೆಲ್ಲ ಅವಳದೇ. ಕಂಕುಳಲ್ಲಿ ಗೋಣಿತಾಟು, ಸೊಂಟದಲ್ಲಿ ಕುಡುಗೋಲು, ತಲೆಗೆ ಸುತ್ತಿದ ಟವೆಲ್ಲು. ಎಲ್ಲಿಗೆ ಹೊರಟಿದ್ದಾಳೆ ಎಂದು ಕೇಳಬೇಕಾಗಿರಲಿಲ್ಲ.

ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ಮಲಗುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಅವಳ ಹುಳು ನಾಲ್ಕನೆಯ, ಅಂದರೆ ಕೊನೆಯ ಜ್ವರ ಎದ್ದಿದ್ದವು. ಇನ್ನು ಗೂಡು ಕಟ್ಟುವವರೆಗೆ ಅವಕ್ಕೆ ತಿನ್ನುವುದೊಂದೇ ಕೆಲಸ. ಈ ಹೊತ್ತಿನಲ್ಲಿ ಸೊಪ್ಪು ತಪ್ಪಿದರೆ ಗೂಡು ಕಾಗದದ ಹಾಗೆ ತೆಳ್ಳಗಾಗುತ್ತದೆ. ಬೆಳಿಗ್ಗೆ ಸೊಪ್ಪು ಕುಯ್ಯಲು ಆಗಿರಲಿಲ್ಲ. ಹಿಂದಿನ ದಿನದ ಬಾಡಿದ ಕಡ್ಡಿಯನ್ನೇ ಹರಡಿ ಬಂದಿದ್ದಳು.

"ಇನ್ನೂ ಆನೆ ಮಕ ನೋಡ್ತಾ ಕುಂತಿದ್ದೀಯೇನಣ್ಣ? ಅದು ಆಗ್ಲೇ ಗುಡ್ಡ ದಾಟ್ತು."

"ಒಸಿ ತಡಿ. ಪೂರ್ತಿ ಫೋಟೋ ಬರಬೇಕು."

"ಬರೋಗಂಟ ನನ್ನ ಹುಳ ಬಾಯಿ ಮುಚ್ಕೊಂಡಿರ್ತವಾ? ಬಂದು ನೀನೇ ಹೇಳು ಅವುಕ್ಕೆ, ನಿನ್ ಮಾತು ಕೇಳಿದ್ರೂ ಕೇಳ್ಬೋದು."

ತೋಪಿನ ಮಗ್ಗುಲಿಗೆ ಹೋಗಬೇಡ, ಕಾಲುವೆ ಕಡೆಯ ಸಾಲು ಕುಯ್ಯಿ ಎಂದೆ. ಕಾಲುವೆ ಕಡೆಯದನ್ನು ಹೋದ ವಾರವೇ ಕುಯ್ದಾಯಿತು, ಈಗ ಎಲೆ ಇರುವುದು ತೋಪಿನ ಮಗ್ಗುಲಲ್ಲೇ ಎಂದಳು. ಫೋನಾದರೂ ತೆಗೆದುಕೊಂಡು ಹೋಗು ಎಂದೆ. ಚಾರ್ಜಿಗೆ ಹಾಕಿದ್ದೀನಿ ಎಂದಳು. ಅಡ್ಡ ನಿಲ್ಲಲು ನನ್ನ ಬಳಿ ಒಂದು ಸೀಳಿದ ಕರೆಂಟ್ ಕಂಬ ಬಿಟ್ಟರೆ ಬೇರೆ ಕಾರಣವಿರಲಿಲ್ಲ. ಅವಳು ಕೆರೆಯ ಹಾದಿ ಹಿಡಿದಳು. ಅವಳ ಹಿಂದೆ ಹಾದಿ ಖಾಲಿಯಾಗಿ ಉಳಿಯಿತು. ಆ ಹೊತ್ತಿನಲ್ಲಿ ಎಂದೂ ಇರುವ ಮೇಕೆಗಳೂ ಅಂದು ಹಾದಿಯಲ್ಲಿರಲಿಲ್ಲ.

ಅವಳು ಹೋದ ಸ್ವಲ್ಪ ಹೊತ್ತಿಗೆ ಚನ್ನಪಟ್ಟಣದಿಂದ ಬೊಂಬೆ ವ್ಯಾಪಾರಿ ಬಂದರು. ನನ್ನ ಹಳೆಯ ಪರಿಚಯ. ಅವರ ತಂದೆಯ ಅಂಗಡಿ ನನ್ನ ಸ್ಟುಡಿಯೋದ ಪಕ್ಕದಲ್ಲಿತ್ತು. ಈಗ ಬೊಂಬೆಗಳನ್ನು ಫೋನಿನಲ್ಲೇ ಮಾರುತ್ತಾರೆ. ಅಲ್ಲಿ ಎಲ್ಲಾ ಚಿತ್ರವೂ ಚೌಕವಾಗಿರಬೇಕು, ಹಿಂದೆ ಬಿಳಿ ಇರಬೇಕು. ಗಿಲಕಿ, ಬುಗುರಿ ಚೌಕದಲ್ಲಿ ಚೆನ್ನಾಗಿ ಕೂರುತ್ತವೆ. ಮರದ ರೈಲು ಕೂರುವುದಿಲ್ಲ.

"ಇಂಜಿನ್ ಬಿಟ್ರೆ ಅದು ರೈಲೇ ಅಲ್ಲ ಅಣ್ಣಾ. ಕೊನೇ ಡಬ್ಬ ಬಿಟ್ರೆ ಗಿರಾಕಿ ಬೈತಾನೆ, ಫೋಟೋದಾಗೆ ಇಲ್ದಿದ್ದು ಯಾಕೆ ಕಳಿಸಿದ್ಯಾ ಅಂತ."

ಜಾಸ್ತಿ ಕಳಿಸಿದರೂ ಬೈಯುತ್ತಾರೆಯೇ ಎಂದು ಕೇಳಿದೆ. ಬೈಯುವವರು ಯಾವುದಕ್ಕೂ ಬೈಯುತ್ತಾರೆ ಎಂದರು. ರೈಲನ್ನು ಬಿಳಿ ರಟ್ಟಿನ ಮೇಲೆ ಬಿಲ್ಲಿನ ಹಾಗೆ ಬಾಗಿಸಿ ನಿಲ್ಲಿಸಿದೆ. ಅರಗಿನ ಬಣ್ಣದ ಮೇಲೆ ಬೆಳಕು ಚುಕ್ಕೆಯಾಗಿ ಬಿದ್ದಿತ್ತು. ಪಂಚೆಯೊಂದನ್ನು ಕಿಟಕಿಗೆ ಕಟ್ಟಿ ಅದನ್ನು ಕಡಿಮೆ ಮಾಡಿದೆ. ಕೈ ಕೆಲಸ ಮಾಡುತ್ತಿತ್ತು. ಕಿವಿ ಕೆರೆಯ ಕಡೆಗಿತ್ತು. ಆ ಕಡೆಯಿಂದ ನವಿಲಿನ ಕೂಗಾಗಲಿ, ನಾಯಿ ಬೊಗಳುವುದಾಗಲಿ ಕೇಳುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತು ಹಾಗೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಆಗ ಫೋನು ಸದ್ದು ಮಾಡಿತು. ಕಾವಲಿನವನು ಎದ್ದಿದ್ದ. ಫೈಲು ಬಂದಿತ್ತು.

ಕಂಪ್ಯೂಟರಿನಲ್ಲಿ ತೆರೆದೆ. ಅಡ್ಡ ಚಿತ್ರ. ಫೋನನ್ನು ತಾರಸಿಯ ಕೈಪಿಡಿ ಗೋಡೆಯ ಮೇಲೆ ಮಲಗಿಸಿ ತೆಗೆದಿದ್ದ. ನಡುವಿನಲ್ಲಿ ಸಲಗ, ಈಗ ಚಿಕ್ಕದಾಗಿ. ಎಡಗಡೆ ಪೂರ್ತಿ ಕಂಬ, ಕೆರೆಯ ನೀರು, ತೂಬು. ಬಲಗಡೆ ಮಾವಿನ ತೋಪು. ಕಾರ್ಯದರ್ಶಿ ಹೇಳಿದಂತೆ ಬರೀ ಕತ್ತಲೆ. ತೋಪಿನಾಚೆ ಅಂಚಿನಲ್ಲಿ ತಂಗಿಯ ತೋಟದ ಒಂದಿಷ್ಟು ಹಸಿರು, ಕೊನೆಗೊಂದು ಹಲಸಿನ ಮರ.

ನಸುಕಿನಲ್ಲಿ ತೆಗೆದ ಚಿತ್ರದ ಕತ್ತಲೆ ಪೂರ್ತಿ ಕತ್ತಲೆಯಾಗಿರುವುದಿಲ್ಲ. ಬೆಳಕು ಎಷ್ಟೋ ಕಡಿಮೆಯಾಗಿ ಅದರೊಳಗೆ ಇದ್ದೇ ಇರುತ್ತದೆ. ತೋಪಿನ ಭಾಗವನ್ನಷ್ಟೇ ಆರಿಸಿ ನಿಧಾನವಾಗಿ ಬೆಳಕು ಏರಿಸಿದೆ. ಮೊದಲು ಮರದ ಕಾಂಡಗಳು ಬೇರೆ ಬೇರೆಯಾದವು. ಆಮೇಲೆ ನೆಲ. ಆಮೇಲೆ ಎರಡು ಕಾಂಡಗಳ ನಡುವೆ ದುಂಡನೆಯ ಬೂದು ಬಣ್ಣ.

"ಏನದು, ಬಂಡೆಯಾ?" ಎಂದು ಬೊಂಬೆ ವ್ಯಾಪಾರಿ ಬಗ್ಗಿದರು.

ಬಂಡೆಗೆ ಕಿವಿ ಇರುವುದಿಲ್ಲ. ಇನ್ನಷ್ಟು ಏರಿಸಿದೆ. ಚಿತ್ರ ಮರಳು ಮರಳಾಯಿತು, ಆದರೂ ಕಂಡಿತು. ಕೊಂಬಿಲ್ಲದ ತಲೆ. ಮುಂಗಾಲು. ಮುಂಗಾಲಿಗೆ ಅಂಟಿಕೊಂಡು, ಹೊಟ್ಟೆಯ ಕೆಳಗೆ, ಇನ್ನೊಂದು ಸಣ್ಣ ಬೆನ್ನು.

ಹೆಣ್ಣಾನೆ, ಮರಿ. ಪಟಾಕಿಗೆ ಸಲಗ ಓಡಬಹುದು. ಮರಿಯಿರುವ ತಾಯಿ ಬಿಸಿಲಿನಲ್ಲಿ ಮರಿಯನ್ನು ಓಡಿಸುವುದಿಲ್ಲ. ನೆರಳಿರುವಲ್ಲಿ ಅಲ್ಲಾಡದೆ ನಿಲ್ಲುತ್ತದೆ, ಹತ್ತಿರ ಬಂದದ್ದರ ಮೇಲೆ ಏರಿ ಹೋಗುತ್ತದೆ. ಇದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ತೋಪಿನಲ್ಲಿ ಮರಿಯಿರುವುದು ಗೊತ್ತಿದ್ದರೆ ಒಬ್ಬರೂ ಆ ಕಡೆ ಹೋಗುತ್ತಿರಲಿಲ್ಲ.

ಮೊದಲು ಕಾರ್ಯದರ್ಶಿಗೆ ಫೋನು. ಓಡಿಸುವವರನ್ನು ವಾಪಸು ಕರೆಸು, ಯಾರನ್ನೂ ಕೆರೆ ಹಾದಿಗೆ ಬಿಡಬೇಡ ಎಂದೆ. ಒಂದೇ ಆನೆ ಕಣಣ್ಣ, ಊರೆಲ್ಲ ನೋಡೈತೆ ಎಂದು ಶುರುಮಾಡಿದ. ಚಿತ್ರ ಕಳಿಸಿದೆ. ತೆರೆದು ನೋಡಿದ. ಆಮೇಲೆ ಕೇಳಿದ:

"ಅಕ್ಕ ಎಲ್ಲವ್ರೆ?"

ಬೀದಿಯವರ ಬಾಯಲ್ಲಿ ಅವಳು ಸೊಪ್ಪಿಗೆ ಹೋದ ಸುದ್ದಿ ಆಗಲೇ ಅವನಿಗೆ ಮುಟ್ಟಿತ್ತು. ಆದರೂ ಕೇಳಿದ. ನಾನು ಫೋನು ಇಟ್ಟೆ.

ಬೊಂಬೆ ವ್ಯಾಪಾರಿ ರೈಲನ್ನು ರಟ್ಟಿನ ಮೇಲೇ ಬಿಟ್ಟು ಹೊರಗೆ ಹೋಗಿ ಗೂಡ್ಸ್ ಆಟೋ ತಿರುಗಿಸಿದರು. ಕೆರೆಯ ಹಾದಿಯಲ್ಲಿ ಹಿಂದಿನ ಬೊಂಬೆ ಡಬ್ಬಗಳೆಲ್ಲ ಕುಲುಕಿ ಗಿಲಕಿಗಳು ಸದ್ದು ಮಾಡಿದವು. ಮೋರಿಯ ಬಳಿ ನಿಲ್ಲಿಸಿ ಎಂದೆ. ನಿಲ್ಲಿಸಿ, ಗಾಡಿಯನ್ನು ಊರ ಕಡೆಗೆ ಮುಖ ಮಾಡಿ, ಎಂಜಿನ್ ಆರಿಸಿದರು. ಗಿಲಕಿಗಳ ಸದ್ದು ನಿಂತಿತು.

"ನಾನೂ ಬತ್ತೀನಿ ಅಣ್ಣಾ."

"ಗಾಡಿ ಬಿಡಬೇಡಿ. ಓಡಿ ಬಂದರೆ ಹತ್ತೋಕೆ ಏನಾದರೂ ಇರಬೇಕು."

ಕಾಲುವೆಯ ಒಳಗೆ ಇಳಿದು ನಡೆದೆ. ಗಾಳಿ ತೋಪಿನಿಂದ ನನ್ನ ಕಡೆಗೆ ಬೀಸುತ್ತಿತ್ತು. ಕಳಿತ ಹಲಸಿನ ವಾಸನೆ, ಅದರೊಳಗೆ ಲಾಯದ ವಾಸನೆ. ಸೊಪ್ಪಿನ ತೋಟದ ಅಂಚಿಗೆ ಬಂದು ನಿಂತೆ. ಕಡ್ಡಿಗಳು ನನ್ನ ತಲೆಗಿಂತ ಎತ್ತರಕ್ಕೆ ಬೆಳೆದಿದ್ದವು. ಅವಳು ಕಾಣಲಿಲ್ಲ. ಕುಡುಗೋಲಿನ ಸದ್ದು ಕೇಳಿಸಿತು. ಕಡ್ಡಿ ಹಿಡಿದು ಎಳೆಯುವ ಸದ್ದು, ಕತ್ತರಿಸುವ ಸದ್ದು, ಕೆಳಗೆ ಹಾಕುವ ಸದ್ದು. ಚಿಕ್ಕಂದಿನಿಂದ ಅವಳದು ಅದೇ ಲಯ. ಅವಳು ಇನ್ನೂ ಏನೂ ತಿಳಿಯದೆ ಕುಯ್ಯುತ್ತಿದ್ದಾಳೆ.

ಕೂಗಿದರೆ ಅವಳಿಗಿಂತ ಮೊದಲು ತೋಪಿಗೆ ಕೇಳಿಸುತ್ತದೆ. ಸಾಲಿನೊಳಗೆ ಹೋದರೆ ಎಲೆ ಸದ್ದು ಮಾಡುತ್ತದೆ. ಸಾಲಿನ ಬಾಯಲ್ಲಿ ಬಗ್ಗಿ ನೋಡಿದೆ. ಕಡ್ಡಿಗಳ ಬುಡದಲ್ಲಿ ಎಲೆ ಇರುವುದಿಲ್ಲ. ಅಲ್ಲಿ ಉದ್ದಕ್ಕೂ ಖಾಲಿ. ದೂರದಲ್ಲಿ ಅವಳ ಕಾಲು ಕಂಡವು, ಪಕ್ಕದಲ್ಲಿ ಗೋಣಿತಾಟಿನ ಮೇಲೆ ಸೊಪ್ಪಿನ ರಾಶಿ. ಅವಳ ಕಾಲಿನಾಚೆ ಬದು, ಬದುವಿನಾಚೆ ತೋಪಿನ ನೆರಳು.

ಆಗ ತೋಪಿನಲ್ಲಿ ಒಂದು ಕೊಂಬೆ ಮುರಿಯಿತು. ಗಾಳಿಗೆ ಮುರಿಯುವ ಸದ್ದು ಬೇರೆ. ಇದು ನಿಧಾನವಾಗಿ, ಎಳೆದು ಮುರಿದ ಸದ್ದು.

ಕುಡುಗೋಲು ನಿಂತಿತು. ಅವಳು ಇದ್ದಲ್ಲೇ ಕುಕ್ಕರುಗಾಲಿನಲ್ಲಿ ಕೂತಳು. ಈಗ ಬುಡಗಳ ನಡುವೆ ಅವಳ ಮುಖ ಕಂಡಿತು, ಅವಳಿಗೂ ನಾನು ಕಂಡೆ. ಬಾಯಿಗೆ ಟವೆಲ್ಲು ಒತ್ತಿಕೊಂಡಿದ್ದಳು. ನಾನು ಅಂಗೈ ನೆಲಕ್ಕೆ ಒತ್ತಿ ತೋರಿಸಿ, ಆಮೇಲೆ ನನ್ನ ಕಡೆಗೆ ಎಳೆದು ತೋರಿಸಿದೆ. ಎದ್ದೇಳಬೇಡ, ಹಾಗೇ ಬಾ.

ಅವಳು ಬಂದಳು. ಬರುವಾಗ ಗೋಣಿತಾಟಿನ ನಾಲ್ಕು ತುದಿ ಹಿಡಿದು ಸೊಪ್ಪನ್ನೂ ಎಳೆದುಕೊಂಡು ಬಂದಳು. ಹಸಿ ಎಲೆ ಕಡ್ಡಿಗಳಿಗೆ ಉಜ್ಜಿ ಸರಬರ ಎಂದಿತು. ಬಿಟ್ಟು ಬಾ ಎಂದು ಕೈಯಲ್ಲಿ ಹೇಳಿದೆ. ತಲೆ ಅಲ್ಲಾಡಿಸಿದಳು. ಇನ್ನೊಮ್ಮೆ ಹೇಳಿದೆ. ಇನ್ನೊಮ್ಮೆ ಅಲ್ಲಾಡಿಸಿ ಎಳೆದಳು.

ತೋಪಿನ ಅಂಚಿನ ನೆರಳು ಅಗಲವಾಯಿತು. ತಾಯಿ ಬದುವಿನ ಮೇಲೆ ಬಂದು ನಿಂತಿತ್ತು. ನಾನು ಬಗ್ಗಿದ್ದ ಕಡೆಯಿಂದ ಅದರ ಕಾಲು ಮಾತ್ರ ಕಾಣುತ್ತಿತ್ತು. ನಾಲ್ಕು ದೊಡ್ಡ ಕಾಲು, ಅವುಗಳ ನಡುವೆ ಸಣ್ಣವು. ಮಿಕ್ಕದ್ದೆಲ್ಲ ಎಲೆಗಳ ಮೇಲೆ, ನನಗೆ ಕಾಣದ ಎತ್ತರದಲ್ಲಿತ್ತು. ಉಸಿರು ಊದಿದ ಸದ್ದು ಅಲ್ಲಿಂದ ಬಂತು. ಒಂದು ಮುಂಗಾಲು ಎದ್ದು, ಬದುವಿನ ಮಣ್ಣನ್ನು ಒದ್ದು, ಮತ್ತೆ ಊರಿತು. ಮಣ್ಣಿನ ಹೆಂಟೆ ಉರುಳಿ ಸಾಲಿನೊಳಗೆ ಬಂತು.

ತಂಗಿ ಹಿಂದೆ ತಿರುಗಿ ನೋಡಿದಳು. ಗೋಣಿತಾಟು ಬಿಟ್ಟಳು. ಬಿಟ್ಟವಳು ಒಂದು ಕ್ಷಣ ಅದರ ಮೇಲೆ ಕೈಯಿಟ್ಟುಕೊಂಡೇ ಇದ್ದಳು. ಆಮೇಲೆ ಮೊಣಕಾಲಿನ ಮೇಲೆ ಸದ್ದಿಲ್ಲದೆ ಬಂದಳು. ಅವಳ ತೋಳು ಕೈಗೆ ಸಿಕ್ಕಿದಾಗ ಕಾಲುವೆಗೆ ಎಳೆದುಕೊಂಡೆ. ಇಬ್ಬರೂ ಬೆನ್ನು ಬಗ್ಗಿಸಿ ಮೋರಿಯವರೆಗೆ ನಡೆದೆವು. ಓಡಲಿಲ್ಲ. ಹಿಂದೆ ಗೋಣಿತಾಟಿನ ಸೊಪ್ಪನ್ನು ಯಾವುದೋ ಎತ್ತಿ ಎತ್ತಿ ಬಡಿಯುವ ಸದ್ದು ಕೇಳುತ್ತಿತ್ತು.

ಗಾಡಿಯಲ್ಲಿ ಕೂತ ಮೇಲೆ ಅವಳು ಆಡಿದ ಮೊದಲ ಮಾತು, ಕುಡುಗೋಲು ಅಲ್ಲೇ ಬಿಟ್ಟೆ ಎಂಬುದು. ಬೊಂಬೆ ವ್ಯಾಪಾರಿ ಗಾಡಿಯನ್ನು ನಿಧಾನವಾಗಿಯೇ ಬಿಟ್ಟರು. ಊರ ಬಾಗಿಲು ಬರುವವರೆಗೆ ಗೇರು ಬದಲಿಸಲಿಲ್ಲ.

ಓಡಿಸುವವರು ಸಂಜೆಯ ಮುಂಚೆ ಮತ್ತೆ ಬಂದರು. ದೂರದಿಂದ ನೋಡಿ, ಪಟಾಕಿ ಹಚ್ಚದೆ ಹಿಂತಿರುಗಿದರು. ಮರಿ ತೀರ ಸಣ್ಣದು, ಈಗ ಕೆಣಕಿದರೆ ಊರ ಮೇಲೇ ಬರುತ್ತದೆ, ಅದಾಗಿಯೇ ಹೋಗುವವರೆಗೆ ಯಾರೂ ಆ ಕಡೆ ಸುಳಿಯಬಾರದು ಎಂದರು. ಯಾವಾಗ ಹೋಗುತ್ತದೆ ಎಂದು ಕೇಳಿದ್ದಕ್ಕೆ ಹಲಸು ಮುಗಿದ ಮೇಲೆ ಎಂದರು.

ನಾನು ಅಡ್ಡ ಚಿತ್ರವನ್ನು ಹಾಗೇ ಗುಂಪಿಗೆ ಹಾಕಿ, ಇದನ್ನು ಹಿಗ್ಗಿಸದೆ ಇಡಿ, ಕಪ್ಪು ಪಟ್ಟಿ ಬಂದರೆ ಬರಲಿ ಎಂದು ಬರೆದೆ. ಕಾರ್ಯದರ್ಶಿ ಹಾಗೇ ಇಟ್ಟ. ಇಟ್ಟ ಮೇಲೆ ಅವನ ಫೋನಿಗೆ ಕರೆಗಳು ಬಂದವಂತೆ, ಯಾರು ಹೋದರು ಎಂದು. ಕೆಲವರು ನನ್ನ ತಂಗಿಯ ಹೆಸರು ಹಿಡಿದೇ ಕೇಳಿದರಂತೆ. ಅದನ್ನು ಅವನು ನನಗೆ ನಗುತ್ತಾ ಹೇಳಲು ಶುರುಮಾಡಿ, ನಡುವೆ ನಿಲ್ಲಿಸಿದ. ಕತ್ತಲಾಗುವ ಮುಂಚೆ ನೋಡಿದರೆ ಊರಿನ ಅರ್ಧ ಜನ ಆ ಚಿತ್ರವನ್ನು ಮತ್ತೆ ಹಿಗ್ಗಿಸಿ ಇಟ್ಟುಕೊಂಡಿದ್ದರು. ಈ ಸಲ ತಾಯಿಯನ್ನು ನಡುವೆ ತಂದಿದ್ದರು. ಸಲಗ ಹೊರಗೆ ಹೋಗಿತ್ತು. ಕೆರೆಯೂ ತೂಬೂ ಹೋಗಿದ್ದವು. ಅದು ಯಾವ ತೋಪು ಎಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕಂಪ್ಯೂಟರ್ ಆರಿಸಿ ತಂಗಿಯ ಮನೆಗೆ ಹೋದೆ. ಹುಳದ ಮನೆಯ ಬಾಗಿಲಲ್ಲಿ ನಿಂತಿದ್ದಳು. ಸಾಮಾನ್ಯವಾಗಿ ಈ ಹಂತದ ಹುಳದ ಮನೆಯಲ್ಲಿ ತಿನ್ನುವ ಸದ್ದು ಹೊರಗಿನವರೆಗೆ ಕೇಳುತ್ತದೆ. ಅಂದು ಸದ್ದಿರಲಿಲ್ಲ. ತಟ್ಟೆಗಳ ಮೇಲೆ ಬರೀ ಕಡ್ಡಿ ಉಳಿದಿತ್ತು. ಕಡ್ಡಿಯ ಮೇಲೆಲ್ಲ ಹುಳು ಮುಂಭಾಗ ಎತ್ತಿ, ತಲೆಯನ್ನು ಆ ಕಡೆ ಈ ಕಡೆ ಆಡಿಸಿ ಎಲೆ ಹುಡುಕುತ್ತಿದ್ದವು. ಸಾವಿರಾರು ಬಿಳಿ ತಲೆಗಳು, ಒಂದೂ ಸದ್ದಿಲ್ಲದೆ. ಅವಳ ಗಂಡ ಮಂಚದ ಮೇಲೆ ಕೂತು, ಅಕ್ಕಪಕ್ಕದ ತೋಟದವರನ್ನೆಲ್ಲ ಫೋನಿನಲ್ಲಿ ಕೇಳಿ ಮುಗಿಸಿದ್ದರು. ಎಲ್ಲರ ತೋಟವೂ ಕೆರೆಯ ಹಿಂದೆಯೇ. ಒಬ್ಬರ ಬಳಿ ಒಂದು ಹೊರೆ ಸಿಕ್ಕಿತ್ತು. ಅದು ಒಂದು ಹೊತ್ತಿಗೆ ಸಾಲದು.

ಅವಳು ಅಳುತ್ತಿರಲಿಲ್ಲ. ಸಿಕ್ಕಿದ ಒಂದು ಹೊರೆಯನ್ನು ಎಲ್ಲಾ ತಟ್ಟೆಗೂ ತೆಳ್ಳಗೆ ಹರಡಿ ಬಂದು ನನ್ನ ಪಕ್ಕ ಕೂತಳು.

"ಆ ದೊಡ್ಡ ಫೋಟೋ ತೋರ್ಸಣ್ಣ."

ಫೋನಿನಲ್ಲಿ ತೆರೆದು, ಅಡ್ಡ ಹಿಡಿದು ಕೊಟ್ಟೆ. ಅವಳು ತಾಯಿ, ಮರಿಯನ್ನು ನೋಡಲಿಲ್ಲ. ಬೆರಳಿನಿಂದ ಚಿತ್ರವನ್ನು ಬಲಕ್ಕೆ, ಇನ್ನೂ ಬಲಕ್ಕೆ ತಳ್ಳಿದಳು. ತೋಪು ಮುಗಿದು ಅವಳ ತೋಟದ ತುದಿ ಬಂತು. ಹಲಸಿನ ಮರ ಬಂತು.

"ಇದ್ರಿಂದಾಚೆ ಮೇಲ್ಗಡೆ ಮೂಲೇಲಿ ಎಲೆ ಚೆನ್ನಾಗೈತೆ. ಆ ಕಡೆ ರೋಡಿಂದ ಇಳಿದ್ರೆ ತೋಪು ದೂರ ಆಯ್ತದೆ. ಅಲ್ಲಿ ಏನಾದ್ರೂ ಕಾಣ್ತದಾ ನೋಡು. ಬೆಳಕು ಮಾಡಿ ನೋಡು."

"ಅಲ್ಲಿ ಫೋಟೋ ಮುಗೀತು."

"ಒಸಿ ಸರಿಸಿ ನೋಡಣ್ಣ."

"ಇಷ್ಟೇ ಇರೋದು. ಹಲಸಿನ ಮರದ ಆಚೆಗೆ ಅವನು ತೆಗೆದಿಲ್ಲ."

ಅವಳು ಮತ್ತೊಮ್ಮೆ ಬೆರಳಿನಿಂದ ತಳ್ಳಿದಳು. ಚಿತ್ರ ಅಂಚಿಗೆ ಬಡಿದು ಹಿಂದಕ್ಕೆ ಬಂತು. ಫೋನನ್ನು ನನ್ನ ಕೈಗೆ ಕೊಟ್ಟು ಎದ್ದಳು. ಗೋಡೆಯ ಮೊಳೆಯಿಂದ ಗಂಡನ ಹಳೆಯ ಕುಡುಗೋಲನ್ನು ಇಳಿಸಿ, ಅಂಗಳದ ಸಾಣೆಕಲ್ಲಿಗೆ ನೀರು ಚಿಮುಕಿಸಿ, ಉಜ್ಜಲು ಕೂತಳು. ಬೆಳಿಗ್ಗೆ ನಾನೂ ಬರುತ್ತೇನೆ ಎಂದೆ. ಅವಳು ಕತ್ತೆತ್ತದೆ ಆಗಲಿ ಎಂಬಂತೆ ತಲೆ ಆಡಿಸಿದಳು. ಒಳಗೆ ಹುಳು ತಿನ್ನಲು ಶುರುಮಾಡಿದ್ದವು. ಸ್ವಲ್ಪ ಹೊತ್ತಿಗೆ ಆ ಸದ್ದೂ ನಿಂತಿತು.